ಡನ್‌ಬರೋ ಊರಿನ ಒಂದು ‘ಬೇಡ’

ಜನವರಿ ೧೪, ೧೭೮೮. ಸೋಮವಾರ

ಗೆದ್ದೆ! ನಲವತ್ತೊಂದು ಕೈ ನನಗೆ, ಇಪ್ಪತ್ತಾರು ಡೀಕನ್ ಫ್ರೈಗೆ! ಇನ್ನು ಮೇಲೆ ಓಬೆಡ್ ಪ್ಲಮ್ಲಿ ಎಂದರೆ ತೊಗಲು ಹದಮಾಡುವವನಷ್ಟೇ ಅಲ್ಲ, ಡನ್‌ಬರೋ ಊರಿನ ಪ್ರತಿನಿಧಿ. ಮುಂದಿನ ತಿಂಗಳು ಎಕ್ಸೆಟರಿನಲ್ಲಿ ನಮ್ಮ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮಹಾಸಭೆ ಕೂರುತ್ತದೆ. ಫಿಲಡೆಲ್ಫಿಯಾದಲ್ಲಿ ದೊಡ್ಡವರು ಬಾಗಿಲು ಹಾಕಿಕೊಂಡು ಬರೆದ ಹೊಸ ಸಂವಿಧಾನ ಬೇಕೋ ಬೇಡವೋ ಎಂದು ಹೇಳುವವರಲ್ಲಿ ನಾನೂ ಒಬ್ಬ. ಒಂಬತ್ತು ರಾಜ್ಯಗಳು ‘ಬೇಕು’ ಅಂದರೆ ಮುಗಿಯಿತು, ಎಲ್ಲ ರಾಜ್ಯಗಳ ಮೇಲೆ ಒಂದು ದೊಡ್ಡ ಸರ್ಕಾರ ಬಂದು ಕೂರುತ್ತದೆ. ಅದು ಬಾರದಂತೆ ಅಡ್ಡ ನಿಲ್ಲುವವನು ನಾನು!

ಊರಸಭೆಯಲ್ಲಿ ಮೊದಲು ಚರ್ಚಿನ ಹಿರಿಯರಾದ ಡೀಕನ್ ಫ್ರೈ ಎದ್ದರು. ಮರ ಕೊಯ್ಯುವ ಗಿರಣಿ ಅವರದು, ಸಭಾಮಂದಿರದ ಬೀಗದ ಕೈ ಅವರದು, ಊರಿನ ಅರ್ಧ ವ್ಯಾಕರಣವೂ ಅವರದೇ. ಸಂವಿಧಾನವನ್ನು ಕಲಮು ಕಲಮಾಗಿ ಓದಿದರು. ಚಳಿಗೆ ಜನರ ಹಲ್ಲು ಕಟಕಟ ಅನ್ನುತ್ತಿತ್ತು. ಆರನೆಯ ಕಲಮಿನ ಹೊತ್ತಿಗೆ ಅರ್ಧ ಊರು ನಿದ್ದೆ. ಆಗ ನಾನು ಬೆಂಚಿನ ಮೇಲೆ ಹತ್ತಿ ನಿಂತೆ.

“ಕಾಯಂ ಸೈನ್ಯ ಇಡ್ತಾರಂತೆ, ಕೇಳಿಸ್ತೇನ್ರಪ್ಪಾ? ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಗಳನ್ನ ಓಡಿಸಿ ಇನ್ನೂ ಐದು ವರ್ಷ ಆಗಿಲ್ಲ. ಈಗ ನಮ್ಮೋರೇ ನೀಲಿ ಕೋಟು ಹಾಕ್ಕೊಂಡು ಬಂದು ನಿಮ್ಮ ಹಿತ್ತಲಲ್ಲಿ ಹಂದಿ ಹಿಡೀತಾರೆ! ಯಾಕಯ್ಯಾ ಅಂತ ಕೇಳಿದ್ರೆ, ಸರ್ಕಾರದ ಹುಕುಂ ಅಂತಾರೆ. ಯಾವ ಸರ್ಕಾರ? ಹತ್ತು ದಿನ ಕುದುರೆ ಓಡಿಸಿದ್ರೂ ಮುಖ ಕಾಣದ ಸರ್ಕಾರ!”

ಅಷ್ಟರಲ್ಲಿ ಬೆಂಚು ಮುರಿಯಿತು. ನಾನು ವಿಧವೆ ಟಾರ್‌ಬೆಲ್‌ರ ಮಡಿಲಿಗೆ ಬಿದ್ದೆ. ಊರೆಲ್ಲ ಎದ್ದು ನಕ್ಕಿತು, ನಕ್ಕ ಬಿಸಿಯಲ್ಲೇ ಕೈ ಎತ್ತಿತು. ಟೈಟಸ್ ರೀಡ್ ಎರಡೂ ಕೈ ಎತ್ತಿದ್ದ. ಒಂದನ್ನು ಇಳಿಸು ಅಂದರು. ಟೈಟಸ್‌ನೂ ನಾನೂ ಯುದ್ಧದಲ್ಲಿ ಒಂದೇ ಕಂಬಳಿ ಹೊದ್ದವರು. ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ತಾಯಿಗೆ ಹುಟ್ಟಿದವನು. ಸೈನ್ಯಕ್ಕೆ ಸೇರಿ ಸ್ವತಂತ್ರನಾದ. ಈಗ ನನ್ನ ಜೊತೆ ತೊಗಲು ಹದಕ್ಕೆ ಬೇಕಾದ ಮರದ ತೊಗಟೆ ಅರೆಯುತ್ತಾನೆ, ತೊಗಲಿನಲ್ಲಿ ಮೂರರಲ್ಲೊಂದು ಪಾಲು ಅವನದು.

ಊರು ನನಗೆ ಬರೆದುಕೊಟ್ಟ ಆದೇಶ ಇದು: ಜನರ ಹಕ್ಕುಗಳನ್ನು ಕಾಗದದ ಮೇಲೆ ಬರೆಯುವ ತನಕ ‘ಬೇಡ’ ಎನ್ನತಕ್ಕದ್ದು.

ನನ್ನ ಹೆಂಡತಿ ಕೆಜಾಯಳಿಗೆ ಹೇಳಿದರೆ ಅವಳು ಅಂದದ್ದು ಇಷ್ಟೇ: “ರೀ, ಜನ ಕೈ ಎತ್ತಿದ್ದು ಬೆಂಚಿಗೆ.”

ಸಂವಿಧಾನವನ್ನು ಅರ್ಧ ಓದಿದ್ದೇನೆ. ಉಳಿದರ್ಧ ದಾರಿಯಲ್ಲಿ ಓದಿದರಾಯಿತು.

ಜನವರಿ ೨೯, ಮಂಗಳವಾರ

ತೊಗಟೆ ಅರೆಯುತ್ತ ಟೈಟಸ್ ಕೇಳಿದ: “ಅದರಲ್ಲಿ ಇಪ್ಪತ್ತು ವರ್ಷದ್ದೊಂದು ಸಾಲು ಇದೆಯಂತೆ. ಹಡಗಲ್ಲಿ ಜನಾನ ತರಿಸೋದರ ಬಗ್ಗೆ. ಓದಿದ್ಯಾ?”

“ಓದಿದೀನಿ ಕಣೋ,” ಅಂದೆ. ಓದಿರಲಿಲ್ಲ. ಅದು ಉಳಿದರ್ಧದಲ್ಲಿ ಇರಬೇಕು.

“ಅದನ್ನ ಅಲ್ಲಿ ಕೇಳು. ಅದೊಂದನ್ನ ಕೇಳು ಸಾಕು.”

“ಕೇಳೋದೇನು, ಗುಡುಗ್ತೀನಿ!”

ಫೆಬ್ರವರಿ ೧೧, ಸೋಮವಾರ

ಹಿಮಬಂಡಿಯಲ್ಲಿ ಎರಡು ದಿನದ ದಾರಿ. ಜೊತೆಗೆ ಪಕ್ಕದ ಊರಿನ ಪ್ರತಿನಿಧಿ ಅಸಾ ಟ್ವಿಚೆಲ್. ಎಪ್ಪತ್ತೆರಡು ವಯಸ್ಸು, ಎಡಗಿವಿ ಪೂರ್ತಿ ಕಿವುಡು, ಬಲಗಿವಿ ಮನಸ್ಸು ಬಂದರೆ ಕೇಳುತ್ತದೆ. ಅವನಿಗೂ ‘ಬೇಡ’ ಎನ್ನುವ ಆದೇಶ. ನಾನು ಬಲಗಡೆ ಕುಳಿತು ಸರ್ಕಾರ, ಸ್ವಾತಂತ್ರ್ಯ, ಪ್ರಾಚೀನ ರೋಮ್ ಎಲ್ಲದರ ಬಗ್ಗೆ ಒಂದು ಗಂಟೆ ಮಾತಾಡಿದೆ. ಕೊನೆಗೆ ಅವನು ತಿರುಗಿ, “ಹೌದಪ್ಪ, ನನಗೂ ಪಾದ ಜೋಮು ಹಿಡಿದಿದೆ,” ಅಂದ.

ಫೆಬ್ರವರಿ ೧೩, ಬುಧವಾರ. ಎಕ್ಸೆಟರ್

ಎಂಥ ಜನ! ಎಂಥ ಕೋಟುಗಳು! ನೂರಕ್ಕೂ ಮಿಕ್ಕಿ ಪ್ರತಿನಿಧಿಗಳು. ವಸತಿಗೃಹಗಳೆಲ್ಲ ಭರ್ತಿ. ಅಸಾನಿಗೂ ನನಗೂ ಸೇರಿ ಒಂದೇ ಮಂಚ.

ಸಭೆಯಲ್ಲಿ ನಾನು ಕುಳಿತ ಬೆಂಚಿನಲ್ಲಿ ಎಂದಿನಂತೆ ಜನ ಅತ್ತಿತ್ತ ಸರಿದರು. ಅದು ನನಗೆ ಹೊಸದಲ್ಲ. ಸುಣ್ಣದ ತೊಟ್ಟಿ, ಹಸಿ ತೊಗಲು, ತೊಗಲು ಮೆದುಮಾಡುವ ನಾಯಿಯ ಹೇಲು ಇವುಗಳ ನಡುವೆ ಇಪ್ಪತ್ತು ವರ್ಷ ದುಡಿದವನನ್ನು ಯಾವ ಸಾಬೂನೂ ತೊಳೆಯಲಾರದು. ಊರಿನ ಚರ್ಚಿನಲ್ಲೂ ನಮ್ಮ ಬೆಂಚಿನ ಹಿಂದೆ ಮುಂದೆ ಖಾಲಿಯೇ. ಕೆಜಾಯ ಅದನ್ನು ‘ನಮ್ಮ ಜಮೀನು’ ಅನ್ನುತ್ತಾಳೆ.

ಆದರೆ ಇವತ್ತು ಒಬ್ಬರು ನೆಟ್ಟಗೆ ಬಂದು ನನ್ನ ಪಕ್ಕ, ಮೊಣಕೈಗೆ ಮೊಣಕೈ ತಾಗುವಂತೆ ಕುಳಿತರು! ಪೋರ್ಟ್ಸ್‌ಮತ್ ಬಂದರಿನ ವ್ಯಾಪಾರಿ ಲೆಮ್ಯುಯೆಲ್ ಹಾಕ್ಸ್. ನೀಲಿ ವೆಲ್ವೆಟ್ ಕೋಟು, ಬೆಳ್ಳಿಯ ಬಕಲಿನ ಬೂಟು.

“ನೀವೇ ಅಲ್ಲವೇ ಬೆಂಚು ಮುರಿದವರು?” ಅಂದರು. ಸುದ್ದಿ ಎಕ್ಸೆಟರಿನ ತನಕ ಬಂದಿದೆ!

ಅವರು ‘ಬೇಕು’ ಎನ್ನುವ ಕಡೆಯವರು. ಇರಲಿ. ಮನುಷ್ಯ ಒಳ್ಳೆಯವರು.

ಫೆಬ್ರವರಿ ೧೬, ಶನಿವಾರ

ನಿನ್ನೆ ಮಾತಾಡಿದೆ. ಕಾಯಂ ಸೈನ್ಯ, ಹಂದಿ, ಹತ್ತು ದಿನದ ದಾರಿ ಎಲ್ಲವೂ ಬಂತು. ಮೂರು ಕಡೆ ಚಪ್ಪಾಳೆ. ಗ್ಯಾಲರಿಯಲ್ಲಿ ಒಬ್ಬ ಹೆಂಗಸು ಟೋಪಿ ಬೀಸಿದಳು. (ಅಸಾ ಹೇಳುವಂತೆ ನೊಣ ಓಡಿಸುತ್ತಿದ್ದಳು. ಫೆಬ್ರವರಿಯಲ್ಲಿ ನೊಣ ಎಲ್ಲಿಂದ?)

ಇವತ್ತು ಮಧ್ಯಾಹ್ನ ಹಾಕ್ಸ್ ಅವರು ತಮ್ಮ ಬಿಡಾರಕ್ಕೆ ಊಟಕ್ಕೆ ಕರೆದರು. ಹುರಿದ ಬಾತು, ಸಮುದ್ರದ ಸಿಂಪಿ, ಮದೀರಾ ವೈನು. ಎಂಟು ಜನ ಗಣ್ಯರ ನಡುವೆ ನಾನು. ಒಬ್ಬರೂ ಕುರ್ಚಿ ಸರಿಸಲಿಲ್ಲ! ಹಾಕ್ಸ್ ಅಂದರು: “ಪ್ಲಮ್ಲಿಯವರೇ, ನಿಮ್ಮಂಥ ಬುದ್ಧಿವಂತರನ್ನು ಊರಿನವರು ಆದೇಶ ಕೊಟ್ಟು ಕಟ್ಟಿಹಾಕಿದ್ದಾರಲ್ಲ, ಅದೊಂದೇ ನನಗೆ ಸಂಕಟ. ನಿಮಗೆ ಇಲ್ಲಿ ಗೊತ್ತಾಗುತ್ತಿರುವುದು ಅವರಿಗೆ ಗುಡ್ಡದ ಮೇಲೆ ಹೇಗೆ ಗೊತ್ತಾಗಬೇಕು?”

ಈ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಡನ್‌ಬರೋ ಜನ ಒಳ್ಳೆಯವರು, ಆದರೆ ಸಿಂಪಿ ತಿಂದವರಲ್ಲ.

ಫೆಬ್ರವರಿ ೧೯, ಮಂಗಳವಾರ

ಗಣ್ಯರ ಹಾಗೆ ಕೂದಲಿಗೆ ಬಿಳಿ ಪುಡಿ ಹಾಕಿಸಿಕೊಂಡೆ. ಲ್ಯಾವೆಂಡರ್ ನೀರೂ ಕೊಂಡೆ. ಅಸಾ ಹಾಸಿಗೆಯಲ್ಲಿ ಮೂರು ಸಲ ಸೀನಿ, “ಮೊದಲಿನ ವಾಸನೆಗೆ ಈಗಷ್ಟೇ ಒಗ್ಗಿಕೊಂಡಿದ್ದೆನಲ್ಲೋ,” ಅಂದ.

ಫೆಬ್ರವರಿ ೨೨, ಶುಕ್ರವಾರ

ಮಹಾಸಭೆಯನ್ನು ಜೂನಿಗೆ ಮುಂದೂಡಿದೆವು! ಹಾಕ್ಸ್ ಅವರ ಕಡೆಯವರೇ ಸೂಚಿಸಿದ್ದು. ಅವಸರ ಬೇಡ, ಎಲ್ಲರೂ ಊರಿಗೆ ಹೋಗಿ ಯೋಚಿಸೋಣ ಎಂದರು. ನ್ಯಾಯವಾದ ಮಾತು. ಐವತ್ತಾರು ಕೈ ಪರ, ಐವತ್ತೊಂದು ವಿರುದ್ಧ. ಐವತ್ತಾರರಲ್ಲಿ ನನ್ನದೂ ಒಂದು.

ಅಸಾ ಬಂಡಿಯಲ್ಲಿ ಬಾಯಿ ಬಿಟ್ಟದ್ದು ಒಂದೇ ಸಲ: “ಇವತ್ತು ಎಣಿಸಿದ್ರೆ ನಾವು ಗೆಲ್ತಿದ್ವಲ್ಲಯ್ಯ. ಅದಕ್ಕೇ ಅವರು ಎಣಿಸಬೇಡಿ ಅಂದದ್ದು.”

ಪಾಪ, ವಯಸ್ಸಾಯಿತು. ರಾಜಕೀಯದ ನಾಜೂಕು ಅವನಿಗೆ ತಿಳಿಯುವುದಿಲ್ಲ.

ಮಾರ್ಚ್ ೧೧, ಮಂಗಳವಾರ. ಡನ್‌ಬರೋ

ಊರಸಭೆ. ನಾನು ಈಗ ಬೆಂಚು ಹತ್ತುವುದಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮಾತಾಡುವುದನ್ನು ಕಲಿತಿದ್ದೇನೆ. ಆದೇಶದಿಂದ ನನ್ನನ್ನು ಬಿಡಿಸಿ, ಎರಡೂ ಕಡೆ ಕೇಳಿ ನನ್ನ ವಿವೇಕಕ್ಕೆ ತೋರಿದಂತೆ ಮತ ಹಾಕುತ್ತೇನೆ ಎಂದು ಕೇಳಿಕೊಂಡೆ. ನೋಡಿದರೆ, ಡೀಕನ್ ಫ್ರೈ ಎದ್ದು ನಿಂತು ನನ್ನನ್ನು ಹೊಗಳಿದರು! “ಸೋದರ ಪ್ಲಮ್ಲಿಯಲ್ಲಿ ಗಾಂಭೀರ್ಯ ಬಂದಿದೆ,” ಅಂದರು. ಹದಿನೈದು ವರ್ಷದಲ್ಲಿ ಅವರು ನನ್ನನ್ನು ಸೋದರ ಎಂದದ್ದು ಇದೇ ಮೊದಲು. ಕಣ್ಣಲ್ಲಿ ನೀರು ಬಂತು.

ಮೂವತ್ತಾರು ಕೈ ನನ್ನ ಪರ, ಮೂವತ್ತೊಂದು ವಿರುದ್ಧ. ಬಿಡುಗಡೆ!

ಟೈಟಸ್ ವಿರುದ್ಧ ಕೈ ಎತ್ತಿದ. ಈ ಸಲ ಒಂದೇ ಕೈ. ಸಭೆ ಮುಗಿದ ಮೇಲೆ ಕೇಳಿದ: “ಆ ಸಾಲಿನ ಬಗ್ಗೆ ಅಲ್ಲಿ ಏನಂದ್ರು?”

ಸಮಯ ಸಿಗಲಿಲ್ಲ, ಜೂನಿನಲ್ಲಿ ಖಂಡಿತ ಕೇಳುತ್ತೇನೆ ಎಂದೆ.

“ಗುಡುಗ್ತೀನಿ ಅಂದಿದ್ದೆ,” ಅಂದ. ಹೋದ.

ಏಪ್ರಿಲ್ ೮

ಟೈಟಸ್‌ಗೆ ಹಲ್ಲುನೋವು ಇರಬೇಕು. ಮಾತಿಲ್ಲ. ಸುಣ್ಣದಿಂದ ತೊಗಲು ಎತ್ತುವಾಗ ಇಬ್ಬರೂ ಸೇರಿ ಹಾಡುವ ರೂಢಿ. ಈಗ ನಾನೊಬ್ಬನೇ ಹಾಡುತ್ತಿದ್ದೇನೆ. ಲವಂಗ ಇಟ್ಟುಕೋ ಎಂದೆ. ಲವಂಗವೂ ಬೇಡವಂತೆ.

ಮೇ ೧೩, ಮಂಗಳವಾರ

ಹಾಕ್ಸ್ ಅವರಿಂದ ಪತ್ರ! ಅರಗಿನ ಮುದ್ರೆ, ಕೆನೆಯಂಥ ಕಾಗದ. ಮೇರಿಲ್ಯಾಂಡೂ ‘ಬೇಕು’ ಅಂದಿದೆಯಂತೆ, ಏಳಾಯಿತು. ಹೊಸ ಸರ್ಕಾರ ಬಂದರೆ ಅದಕ್ಕೊಂದು ಸೈನ್ಯ ಇರುತ್ತದೆ, ಸೈನ್ಯಕ್ಕೆ ಬೂಟು, ಬೆಲ್ಟು, ಜೀನು ಎಲ್ಲ ಬೇಕು, ಅವಕ್ಕೆ ತೊಗಲು ಬೇಕು, ತೊಗಲಿಗೆ ನಂಬಿಕಸ್ಥ ಮನುಷ್ಯ ಬೇಕು ಎಂದು ಬರೆದಿದ್ದಾರೆ. ನನ್ನ ಹೆಸರನ್ನು ತಕ್ಕವರ ಕಿವಿಗೆ ಹಾಕುತ್ತಾರಂತೆ!

ಅಡುಗೆಮನೆಯಲ್ಲಿ ಪತ್ರ ಹಿಡಿದು ಕುಣಿದೆ. ಕೆಜಾಯ ಜೋಳದ ಹಿಟ್ಟು ಕಲಸುತ್ತಿದ್ದಳು.

“ಅದೇ ಸೈನ್ಯಾನಾ ರೀ? ಹಿತ್ತಲಲ್ಲಿ ಹಂದಿ ಹಿಡಿಯೋದು?”

“ಇದು ಬೇರೆ ಕೆಜಾಯ. ಅದು ಬರೀ ಸೈನ್ಯದ ಮಾತು. ಇದು ಬೂಟಿನ ಮಾತು.”

“ಸರಿ ಬಿಡಿ. ಹಂದಿ ಹಿಡಿಯೋರು ಬರಿಗಾಲಲ್ಲಿ ಬರೋದಿಲ್ಲ ಅಂತಾಯ್ತು.”

ಹೆಂಗಸರಿಗೆ ದೂರದೃಷ್ಟಿ ಕಡಿಮೆ. ಹಿತ್ತಲಿನಲ್ಲಿ ಇನ್ನೂ ಆರು ತೊಟ್ಟಿ ಎಲ್ಲಿ ಹೂಳಬಹುದೆಂದು ಹೆಜ್ಜೆ ಹಾಕಿ ಅಳೆದೆ. ಟೈಟಸ್ ನೋಡುತ್ತ ನಿಂತಿದ್ದ. ಯಾತಕ್ಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಜೂನ್ ೧೭, ಮಂಗಳವಾರ. ಕಾನ್‌ಕರ್ಡ್

ಈ ಸಲ ಮಹಾಸಭೆ ಕೂರುವುದು ಇಲ್ಲಿ. ದಕ್ಷಿಣ ಕ್ಯಾರೊಲೈನವೂ ಸೇರಿ ಎಂಟು! ಒಂಬತ್ತನೆಯದು ನಾವೇ! ದಾರಿಯ ಉದ್ದಕ್ಕೂ ಜನ ಬಂಡಿ ನಿಲ್ಲಿಸಿ, “ಏನು ಮಾಡ್ತೀರಿ ಸ್ವಾಮಿ?” ಎಂದು ಕೇಳುತ್ತಾರೆ. ನಾನು ತುಟಿಯ ಮೇಲೆ ಬೆರಳಿಟ್ಟು ನಗುತ್ತೇನೆ. ಒಂದು ದೇಶವೇ ನನ್ನ ಬಾಯಿ ನೋಡುತ್ತಿದೆ. ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಅಸಾನ ಜೊತೆ ಮತ್ತೆ ಒಂದೇ ಮಂಚ. ಬೇಸಿಗೆಯಲ್ಲಿ ಲ್ಯಾವೆಂಡರ್ ಬೇಗ ಹುಳಿಯಾಗುತ್ತದೆ ಅಂತ ಅವನ ಅಂಬೋಣ.

ಜೂನ್ ೨೦, ಶುಕ್ರವಾರ

ನಾಳೆ ಎಣಿಕೆ. ನಾನು ‘ಬೇಕು’ ಎನ್ನುವುದೆಂದು ನಿರ್ಧರಿಸಿಯಾಗಿದೆ. ವಿವೇಕದಿಂದ. ಹನ್ನೆರಡು ತಿದ್ದುಪಡಿ ಆಗಬೇಕೆಂದು ಒಂದು ಪಟ್ಟಿಯನ್ನೂ ಜೊತೆಗೆ ಕಳಿಸುತ್ತಾರೆ, ಆದ್ದರಿಂದ ಊರಿನವರ ಹಕ್ಕುಗಳಿಗೂ ದಾರಿ ಆದಂತೆ.

ಬೆಳಗ್ಗೆ ವಸತಿಗೃಹದ ಅಂಗಳದಲ್ಲಿ ತಿಂಡಿ ತಿನ್ನುವಾಗ ಅಸಾ ಸಂವಿಧಾನದ ಕಾಗದ ನನ್ನ ಮುಂದೆ ಹಿಡಿದ. “ನನ್ನ ಕನ್ನಡಕ ಒಡೆದಿದೆ. ನಾಳೆ ಬೇಡ ಅನ್ನೋಕ್ಮುಂಚೆ ಪೂರ್ತಿ ಕೇಳಬೇಕು. ಇಲ್ಲಿಂದ ಓದು.”

ಓದಿದೆ. ಅವನ ಬಲಗಿವಿಗೆ ಬಾಯಿಟ್ಟು ಕಿರುಚಿ ಓದಬೇಕು, ಇಲ್ಲದಿದ್ದರೆ ಕೇಳಿಸದು. ಓದುತ್ತ ಓದುತ್ತ ಆ ಸಾಲು ಬಂತು. ಯಾವ ರಾಜ್ಯಕ್ಕೆ ಎಂಥ ಜನರನ್ನು ತರಿಸಿಕೊಳ್ಳುವುದು ಸರಿ ಎನಿಸುತ್ತದೋ ಅಂಥವರನ್ನು ತರಿಸುವುದಕ್ಕೆ ಸಾವಿರದ ಎಂಟುನೂರ ಎಂಟನೆಯ ಇಸವಿಯ ತನಕ ಹೊಸ ಸರ್ಕಾರ ಅಡ್ಡಿ ಮಾಡಕೂಡದು ಎಂಬರ್ಥದ ಸಾಲು.

“ಎಂಥೋರನ್ನ?” ಅಂದ ಅಸಾ.

“ಜನರನ್ನ.”

“ಎಂಥ ಜನರನ್ನ? ನೇಕಾರರನ್ನಾ?”

“ಗುಲಾಮರನ್ನ.”

“ಆಂ?”

“ಗುಲಾಮರನ್ನ!”

“ಗಟ್ಟಿಯಾಗಿ ಹೇಳೋ!”

“ಗುಲಾಮರನ್ನ! ಹಡಗಿನಲ್ಲಿ! ಇನ್ನೂ ಇಪ್ಪತ್ತು ವರ್ಷ!”

ಅಂಗಳದಲ್ಲಿ ಇದ್ದಬದ್ದವರೆಲ್ಲ ಚಮಚ ಕೆಳಗಿಟ್ಟು ನಮ್ಮ ಕಡೆ ನೋಡಿದರು. ಅಸಾ ರೊಟ್ಟಿ ಮುರಿಯುತ್ತ, “ಹಂಗಾದ್ರೆ ಗುಲಾಮರು ಅಂತ ಯಾಕೆ ಬರೆದಿಲ್ಲ?” ಅಂದ. “ಬರೆಯೋಕೆ ನಾಚಿಕೆ ಆಯ್ತೇನೋ. ಮಾಡೋಕೆ ನಾಚಿಕೆ ಆಗಲಿಲ್ಲ.”

ಮಧ್ಯಾಹ್ನ ಹಾಕ್ಸ್ ಅವರ ಜೊತೆ ಊಟ. ಕುರಿಮಾಂಸ, ಹಸಿ ಬಟಾಣಿ. ಟೈಟಸ್‌ಗೆ ಮಾತು ಕೊಟ್ಟಿದ್ದೆನಲ್ಲ, ಆ ಸಾಲಿನ ಬಗ್ಗೆ ಕೇಳಿದೆ. ಗುಡುಗಲಿಲ್ಲ, ಊಟದ ಮೇಜಿನಲ್ಲಿ ಗುಡುಗುವ ಪದ್ಧತಿ ಇಲ್ಲ.

“ಓ, ಅದಾ!” ಹಾಕ್ಸ್ ನಕ್ಕರು. “ದಕ್ಷಿಣದ ಮಹನೀಯರಿಗೆ ಅದಿಲ್ಲದಿದ್ದರೆ ಊಟ ಇಳಿಯುವುದಿಲ್ಲ. ಅವರಿಲ್ಲದೆ ಒಂಬತ್ತು ಆಗುವುದಿಲ್ಲ. ಸ್ವಲ್ಪ ಗಬ್ಬು ಇದೆ, ನಾನೂ ಒಪ್ಪುತ್ತೇನೆ. ಆದರೆ ಪ್ಲಮ್ಲಿಯವರೇ, ಗಬ್ಬಿಗೆ ನೀವು ಹೆದರುವವರೇ? ಈ ಮೇಜಿನಲ್ಲಿ ನಾವೆಲ್ಲ ನಾಲ್ಕು ತಿಂಗಳಿಂದ ಮೂಗು ಹಿಡಿದುಕೊಂಡು ಕೂತಿಲ್ಲವೇ? ಏನೂ ಆಗುವುದಿಲ್ಲ. ಅಭ್ಯಾಸವಾಗುತ್ತದೆ!”

ಮೇಜೇ ಅಲುಗಾಡುವಂತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಒಳ್ಳೆಯ ತಮಾಷೆ.

ಬಟಾಣಿ ಯಾಕೋ ಬೆಂದಿರಲಿಲ್ಲ. ಹಾಗೆಯೇ ಬಿಟ್ಟೆ.

ಜೂನ್ ೨೧, ಶನಿವಾರ

ಬೆಳಗ್ಗೆ ತಲೆ ತೊಳೆದೆ. ಪುಡಿಯಿಂದ ಕಡಿತ.

ಸಭಾಮಂದಿರದಲ್ಲಿ ಹಾಕ್ಸ್ ತಮ್ಮ ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದರು. ನಾನು ಹೋಗಿ ಅಸಾನ ಪಕ್ಕ ಕುಳಿತೆ. ಅಲ್ಲಿ ಕಿಟಕಿ ತೆರೆದಿತ್ತು, ಸೆಕೆ ಬಹಳ.

ಗುಮಾಸ್ತ ಒಂದೊಂದೇ ಹೆಸರು ಕೂಗಿದ. ಬೇಕು. ಬೇಕು. ಬೇಡ. ಬೇಕು. ಹೊರಗೆ ಗಂಟೆಯ ಹಗ್ಗ ಹಿಡಿದು ಒಬ್ಬ ಸಿದ್ಧನಾಗಿ ನಿಂತಿದ್ದ, ಕಿಟಕಿಯಿಂದ ಕಾಣುತ್ತಿತ್ತು. ಅವನ ಬಾಯಲ್ಲಿ ಹುಲ್ಲುಕಡ್ಡಿ. ನನ್ನ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಅಸಾನಿಗೂ ಕೇಳಿಸಿರಬೇಕು.

“ಡನ್‌ಬರೋ. ಓಬೆಡ್ ಪ್ಲಮ್ಲಿ.”

ಎದ್ದೆ. “ಬೇಡ,” ಅಂದೆ.

“ಏನಂದಿರಿ? ಕೇಳಿಸಲಿಲ್ಲ.”

“ಬೇಡ.”

ಅಷ್ಟೇ. ಭಾಷಣವಿಲ್ಲ. ನಾಲ್ಕು ತಿಂಗಳಿಂದ ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತುಹೋಗಿತ್ತು. ಹಾಕ್ಸ್ ತಿರುಗಿ ನೋಡಿದರು. ಅಸಾ ತನ್ನ ಸರದಿ ಬಂದಾಗ ಬೇಡ ಎಂದು ಕೂಗಿದ ಕೂಗಿಗೆ ಹೊರಗೆ ಕುದುರೆಯೊಂದು ಬೆಚ್ಚಿ ಕೆನೆಯಿತು.

ಐವತ್ತೇಳು ಬೇಕು, ನಲವತ್ತೇಳು ಬೇಡ. ಸೋತೆವು. ಹುಲ್ಲುಕಡ್ಡಿಯವನು ಹಗ್ಗ ಎಳೆದ. ಊರಿನ ಗಂಟೆಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಟೋಪಿಗಳು ಮೇಲೆ ಹಾರಿದವು. ಮೆಟ್ಟಿಲ ಬಳಿ ಹಾಕ್ಸ್ ಎದುರಾಗಿ, ಕೋಪವೇನೂ ಇಲ್ಲದೆ, “ನಿಮ್ಮದು ಇಲ್ಲದೆಯೂ ನಡೆಯಿತು, ಚಿಂತೆ ಮಾಡಬೇಡಿ,” ಎಂದು ನಕ್ಕರು. ಬೂಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಅಳು ಬರಬೇಕಿತ್ತು. ಬರಲಿಲ್ಲ. ಅಸಾನ ತೋಳು ಹಿಡಿದು ಬೀದಿಗೆ ಬಂದೆ. ಒಬ್ಬಾಕೆ ಬುಟ್ಟಿ ತುಂಬ ಕಾಡು ಸ್ಟ್ರಾಬೆರಿ ಇಟ್ಟುಕೊಂಡು ಕುಳಿತಿದ್ದಳು. ಟೋಪಿಯ ತುಂಬ ತೆಗೆದುಕೊಂಡು ಇಬ್ಬರೂ ನಡೆಯುತ್ತ ನಡೆಯುತ್ತ ತಿಂದೆವು. ನನಗೆ ಯಾವುದಕ್ಕೋ ನಗು ಬಂತು, ನಿಲ್ಲಿಸಲಾಗಲಿಲ್ಲ. ಅಸಾನಿಗೆ ಕಾರಣ ತಿಳಿಯದಿದ್ದರೂ ಅವನೂ ನಕ್ಕ. ಗೆದ್ದವರ ಮೆರವಣಿಗೆಯೊಂದು ಡೋಲು ಬಡಿಯುತ್ತ ಬಂದು, ನಮ್ಮನ್ನೂ ಗೆದ್ದವರೆಂದೇ ತಿಳಿದು ಭುಜ ತಟ್ಟಿಹೋಯಿತು.

ಅಸಾ ಅಂದ: “ನಮ್ಮೂರಲ್ಲಿ ಕೇಳಿದ್ರೆ ಏನಂತ ಹೇಳ್ಲಿ? ಸೋತ್ವಿ ಅಂತ ಹೇಳೋನ ಮೋರೆ ಹಿಂಗೆ ಕೆಂಪಾಗಿರುತ್ತಾ?”

ಜೂನ್ ೨೫, ಬುಧವಾರ. ಡನ್‌ಬರೋ

ಸುದ್ದಿ ನನಗಿಂತ ಮೊದಲೇ ಬಂದಿತ್ತು. ಡೀಕನ್ ಫ್ರೈ ಗಿರಣಿಯ ಹತ್ತಿರ ನನ್ನ ಬಂಡಿ ತಡೆದು ನಿಲ್ಲಿಸಿದರು. ನಾನೀಗ ಸೋದರ ಅಲ್ಲ.

“ಬಿಡುಗಡೆ ಮಾಡಿ ಕಳಿಸಿದ್ದು ಬೇಡ ಅನ್ನೋದಕ್ಕೇನಯ್ಯಾ? ಅದನ್ನ ಹೇಳೋಕೆ ಆದೇಶ ಇತ್ತಲ್ಲ, ಅದನ್ನೇ ಇಟ್ಟುಕೋಬಹುದಿತ್ತು!”

ಅವರು ಹೇಳಿದ್ದು ಸರಿಯೇ ಅನಿಸಿತು, ಹಾಗೆಂದೇ ಹೇಳಿದೆ. ಅವರು ಬಾಯಿ ತೆರೆದವರು ಹಾಗೆಯೇ ನಿಂತರು.

ತೊಗಲು ಹದಮಾಡುವ ಕೊಟ್ಟಿಗೆಗೆ ಹೋದೆ. ಟೈಟಸ್ ತೊಗಟೆ ಅರೆಯುತ್ತಿದ್ದ. ಅರೆಯುವ ಕಲ್ಲು ತಿರುಗಿಸುವ ಕುದುರೆಯನ್ನು ನಿಲ್ಲಿಸಿದ.

“ಬೇಡ ಅಂದ್ಯಂತೆ.”

“ಅಂದೆ.”

“ಯಾಕೆ?”

ಯೋಚಿಸಿದೆ. “ಕಿಟಕಿ ಪಕ್ಕ ಕೂತಿದ್ದೆ,” ಅಂದೆ. ಇನ್ನೇನು ಹೇಳಬೇಕೆಂದು ತೋಚಲಿಲ್ಲ. ಆಮೇಲೆ ಅಸಾನ ಕಿವಿಗೆ ನಾನು ಕೂಗಿದ್ದು, ಊಟದ ಮೇಜಿನ ಮಾತು, ನಾನು ನಕ್ಕದ್ದು ಎಲ್ಲ ಹೇಳಿದೆ. ನಕ್ಕದ್ದನ್ನು ಹೇಳುವಾಗ ಮಾತ್ರ ನಾಲಿಗೆ ಸ್ವಲ್ಪ ತಡವರಿಸಿತು. ಮಾರ್ಚಿನಲ್ಲಿ ಸಮಯ ಸಿಗಲಿಲ್ಲ ಎಂದದ್ದು ಸುಳ್ಳು, ಆ ಸಾಲನ್ನು ನಾನು ಓದಿಯೇ ಇರಲಿಲ್ಲ ಎಂದೂ ಹೇಳಿದೆ.

“ಗೊತ್ತಿತ್ತು,” ಅಂದ. ಕಲ್ಲಿನ ಮೇಲಿನ ತೊಗಟೆಯನ್ನು ಕೈಯಿಂದ ಗುಡಿಸಿದ. ನಂತರ, “ಇಡೀ ಅಂಗಳ ಕೇಳೋ ಹಾಗೆ ಕಿರುಚಿದ್ಯಾ?” ಅಂದ.

“ಮೂರು ಸಲ. ಮುದುಕ ಕಿವುಡ.”

ಟೈಟಸ್‌ನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಕೊನೆಗೆ ಅರೆಯುವ ಕಲ್ಲಿಗೆ ಒರಗಿ ನಕ್ಕ. “ಅಂತೂ ಗುಡುಗಿದೆ!” ಅಂದ. ಕಣ್ಣು ಒರೆಸಿಕೊಂಡ ಮೇಲೆ ಕೇಳಿದ: “ಆ ಹನ್ನೆರಡು ತಿದ್ದುಪಡಿ ಪಟ್ಟೀಲಿ ಆ ಸಾಲು ತೆಗೀಬೇಕು ಅಂತ ಇದೆಯಾ?”

“ಇಲ್ಲ.”

“ಹಂಗಾದ್ರೆ ನಮ್ಮೂರಿಂದ ಬೇರೆ ಪಟ್ಟಿ ಹೋಗ್ಬೇಕು.”

ಹಲ್ಲುನೋವು ಹೋಗಿದೆ ಅಂತ ಕಾಣುತ್ತದೆ.

ಜುಲೈ ೪, ಶುಕ್ರವಾರ

ಡೀಕನ್ ಫ್ರೈ ಹೊಸ ಸಂವಿಧಾನದ ಗೌರವಕ್ಕೆ ಊರಿನ ಊಟಕ್ಕೆಂದು ಒಂದಿಡೀ ಎತ್ತು ಸುಡಿಸಿದರು. ನಮ್ಮ ಕಡೆಯವರು, ಸ್ವಾತಂತ್ರ್ಯದ ದಿನಕ್ಕಾದರೆ ತಿನ್ನುತ್ತೇವೆ, ಸಂವಿಧಾನಕ್ಕಾದರೆ ಮುಟ್ಟುವುದಿಲ್ಲ ಎಂದರು. ಎತ್ತು ಕರಕಲಾಗುವ ತನಕ ವಾದ ನಡೆಯಿತು. ಕೊನೆಗೆ ವಿಧವೆ ಟಾರ್‌ಬೆಲ್ ಚಾಕು ತೆಗೆದುಕೊಂಡು, “ಎತ್ತಿನ ಹೆಸರಲ್ಲಿ ತಿನ್ನಿ,” ಎಂದು ಕೊಯ್ದರು. ಎಲ್ಲರೂ ತಿಂದೆವು. ಕೆಜಾಯ ಡೀಕನ್ನರ ಹೆಂಡತಿಯ ಜೊತೆ ಕುಣಿದಳು. ನಾನು ಯಾರ ಯಾರ ಜೊತೆ ಕುಣಿದೆನೋ ನೆನಪಿಲ್ಲ.

ಜುಲೈ ೧೨, ಶನಿವಾರ

ನಮ್ಮ ಪಟ್ಟಿ ಬರೆಯಲು ಊರಸಭೆ ಕರೆದೆವು. ಸೋತವರಿಗೆ ಸಭಾಮಂದಿರದ ಬೀಗದ ಕೈ ಸಿಗಲಿಲ್ಲ. ಟೈಟಸ್ ಅಂದ: “ನಮ್ಮ ಕೊಟ್ಟಿಗೆ ಇದೆಯಲ್ಲ.” ನಾನು ಬೇಡವೆಂದೆ, ಯಾರು ಬರುತ್ತಾರೆ ಆ ವಾಸನೆಗೆ? ಕೆಜಾಯ ಆಗಲೇ ನೆಲ ಗುಡಿಸತೊಡಗಿದ್ದಳು.

ಬಂದರು! ಮೊದಲು ವಿಧವೆ ಟಾರ್‌ಬೆಲ್, ಮೂಗಿಗೆ ಪುದೀನ ಹಿಡಿದುಕೊಂಡು. ಆಮೇಲೆ ಇಬ್ಬರು, ನಾಲ್ವರು, ಕೊನೆಗೆ ಕಾಲಿಡಲು ಜಾಗ ಇಲ್ಲದಷ್ಟು ಜನ. ತೊಟ್ಟಿಗಳ ಅಂಚಿನಲ್ಲಿ ಕುಳಿತರು, ತೊಗಲಿನ ರಾಶಿಯ ಮೇಲೆ ಕುಳಿತರು. ಕೆಮ್ಮಿದರು, ಬೈದರು, ಕೂಗಾಡಿದರು. ಒಬ್ಬ ಸುಣ್ಣದ ತೊಟ್ಟಿಗೆ ಕಾಲು ಜಾರಿ ಬಿದ್ದ, ಎಳೆದು ಹಾಕಿದೆವು, ಎದ್ದು ನಿಂತು ತನ್ನ ವಾದ ಮುಂದುವರಿಸಿದ. ‘ಬೇಕು’ ಅಂದವರೂ ಬಂದರು. ಅಸಾ ಟ್ವಿಚೆಲ್ ತನ್ನ ಊರಿನಿಂದ ಬಂಡಿ ಹೊಡೆದುಕೊಂಡು ಬಂದ. ನಿನಗೆ ಇಲ್ಲಿ ಮತ ಇಲ್ಲ ಅಂದರೆ ಕೇಳಿಸದವನಂತೆ ಕುಳಿತ.

ನಾನು ಉರುಳಿಸಿದ ಪೀಪಾಯಿಯ ಮೇಲೆ ಕಾಗದ ಹರವಿಕೊಂಡೆ. ಅಕ್ಷರ ನನ್ನದು ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದರು.

ಮೊದಲನೆಯ ಸಾಲು ಟೈಟಸ್ ಹೇಳಿದ. ತೊಗಟೆಯ ಗಿರಣಿಯ ಮುಂದೆ ನಿಂತು, ಕೈ ಒರೆಸಿಕೊಂಡು, ಒಂದೊಂದೇ ಮಾತು ಆರಿಸಿ ಹೇಳಿದ. “ಮನುಷ್ಯರನ್ನ ಹಡಗಲ್ಲಿ ತಂದು ಮಾರೋದು ಇವತ್ತೇ ನಿಲ್ಲಬೇಕು. ನನ್ನ ತಾಯಿ ಇಲ್ಲಿಗೆ ಬಂದಾಗ ಒಂಬತ್ತು ವರ್ಷ ಅಂತೆ. ಅವಳ ಊರಿನ ಹೆಸರು ಅವಳಿಗೆ ಮರೆತುಹೋಗಿತ್ತು. ಅದನ್ನೂ ಬರಿ.”

ಕೊಟ್ಟಿಗೆಯಲ್ಲಿ ಕೆಮ್ಮು ನಿಂತಿತು.

ಆಗ ಹೊರಗಿನಿಂದ ಒಂದು ದನಿ: “‘ಇವತ್ತೇ’ ಅಲ್ಲ. ‘ಕೂಡಲೇ’ ಅಂತ ಹಾಕಬೇಕು. ಎಲ್ಲ ರಾಜ್ಯಗಳ ಕಾಂಗ್ರೆಸ್ಸಿಗೆ ಹೋಗೋ ಕಾಗದ.” ಡೀಕನ್ ಫ್ರೈ! ಗಾಳಿ ಬೀಸುವ ಕಡೆಗೆ ಬೆನ್ನು ಕೊಟ್ಟು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬೇಲಿಯ ಆಚೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಇವತ್ತೇ ಅಂತ ಬರಿ,” ಅಂದ ಟೈಟಸ್.

ಬರೆದೆ.

“ಹಾಗಾದರೆ ‘ಮಾರೋದು’ ಅಲ್ಲ, ‘ಮಾರುವುದು’ ಅಂತಾದರೂ ಹಾಕಿ,” ಅಂದರು ಡೀಕನ್. ಅದಕ್ಕೆ ಟೈಟಸ್ ಒಪ್ಪಿದ. ಸಭೆ ಚಪ್ಪಾಳೆ ತಟ್ಟಿತು, ಯಾರಿಗೆ ಎಂದು ಗೊತ್ತಾಗಲಿಲ್ಲ.

ಬೆಳಗ್ಗೆ ಶುರುವಾದದ್ದು ಊಟದ ಹೊತ್ತು ಮೀರಿತು. ಕೆಜಾಯ ಹುರುಳಿಕಾಯಿ, ಉಪ್ಪುಮಾಂಸ ಬೇಯಿಸಿ ತಂದಳು. ಜನ ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ತಟ್ಟೆ ಹಿಡಿದರು, ಸ್ವಲ್ಪ ಹೊತ್ತಿಗೆ ಮೂಗು ಬಿಟ್ಟರು. ಹದಿನೇಳು ಸಾಲಾದವು. ನನ್ನ ಕೈ ಬೆರಳೆಲ್ಲ ಮಸಿ, ಸೊಂಟ ಹಿಡಿದುಕೊಂಡಿದೆ, ಆದರೂ ಈಗಲೂ ಒಂಟಿ ಕಾಲಿನಲ್ಲಿ ಊರು ಸುತ್ತಿಬರಬಲ್ಲೆ ಅನ್ನಿಸುತ್ತಿದೆ.

ಇವತ್ತು ಇಡೀ ಸಭೆಯಲ್ಲಿ ನಾನು ಒಂದೇ ಒಂದು ಮಾತೂ ಆಡಲಿಲ್ಲವಂತೆ. ಕೆಜಾಯ ಹೇಳುತ್ತಾಳೆ. ಸುಳ್ಳಿರಬೇಕು.